ಫೋನ್ ಬ್ಯಾಕಪ್ ಮೂರು ಬಗೆ: ಬೀಗದಕೈ ಯಾರ ಸೊಂಟದಲ್ಲಿ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಮನೆಯ ಕಂಪ್ಯೂಟರಿಗೆ. ಫೋನಿಗೆ ತಂತಿ ಜೋಡಿಸಿ, ಪಾಸ್‌ವರ್ಡ್ ಹಾಕಿ, ಬ್ಯಾಕಪ್ಪನ್ನು ನನ್ನದೇ ಡಿಸ್ಕಿನಲ್ಲಿ ಇಟ್ಟುಕೊಳ್ಳುವ ಹಳೆಯ ಕಾಲದ ಪದ್ಧತಿ ಅದು. ಎಲ್ಲವನ್ನೂ ಕಂಪನಿಯ ಕ್ಲೌಡಿಗೆ ಒಪ್ಪಿಸಿ ನಿಶ್ಚಿಂತೆಯಾಗಿರುವುದನ್ನೂ, ಕ್ಲೌಡಿನಲ್ಲಿಟ್ಟು ಕೀಲಿಯನ್ನು ಮಾತ್ರ ನಾನೇ ಕಾಯುವುದನ್ನೂ ಬಳಸಿ ನೋಡಿದ ಮೇಲೆಯೇ ಇಲ್ಲಿಗೆ ಬಂದು ನಿಂತಿದ್ದೇನೆ. ನಡುವೆ ಒಂದು ಫೋನು ಸತ್ತಿತು. ಅದು ಸಾಯದಿದ್ದರೆ ಈ ಹೋಲಿಕೆಯನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಮಾಮೂಲಿ ಕ್ಲೌಡ್ ಬ್ಯಾಕಪ್ಪಿನ ಮೇಲೆ ದೂರು ಹೇಳಿದರೆ ಕೃತಘ್ನತೆಯಾದೀತು. ಎರಡು ವರ್ಷ ಬಳಸಿದೆ, ಒಂದು ದಿನವೂ ಕೈಕೊಡಲಿಲ್ಲ. ರಾತ್ರಿ ಚಾರ್ಜಿಗೆ ಹಾಕಿ ಮಲಗಿದರೆ ಬೆಳಗಾಗುವುದರೊಳಗೆ ತಾನೇ ಕೆಲಸ ಮುಗಿಸಿರುತ್ತದೆ. ಪಾಸ್‌ವರ್ಡ್ ಮರೆತರೂ ಒಂದಷ್ಟು ಪ್ರಶ್ನೆ ಕೇಳಿ, ಕೆಲವು ದಿನ ಕಾಯಿಸಿ, ಕಡೆಗೆ ಒಳಗೆ ಬಿಟ್ಟುಕೊಳ್ಳುತ್ತಾರೆ. ನನಗೆ ಚುಚ್ಚಿದ್ದು ಈ ಉಪಕಾರವೇ. ನಾನು ಮರೆತ ಮೇಲೂ ಅವರು ಬಾಗಿಲು ತೆರೆಯಬಲ್ಲರು ಎಂದಾದರೆ ಬೀಗದಕೈ ಅವರ ಸೊಂಟದಲ್ಲಿದೆ ಎಂದೇ ಅರ್ಥ. ನನಗೆ ತೆರೆದುಕೊಟ್ಟವರು ನ್ಯಾಯಾಲಯದ ಆದೇಶ ಹಿಡಿದು ಬಂದವರಿಗೂ ತೆರೆದುಕೊಡಬೇಕಾಗುತ್ತದೆ. ಆ ಆದೇಶ ಬಂದು ತಟ್ಟುವುದು ನನ್ನ ಮನೆಯ ಬಾಗಿಲನ್ನಲ್ಲ. ನನಗೆ ಸುದ್ದಿಯೂ ಮುಟ್ಟದಿರಬಹುದು.

ಇದಕ್ಕೆ ಎಲ್ಲರಿಗೂ ಗೊತ್ತಿರುವ ಒಂದು ಪ್ರಕರಣವಿದೆ, ಆದರೆ ಅದರ ಅರ್ಧ ಭಾಗವನ್ನಷ್ಟೇ ಜನ ನೆನಪಿಟ್ಟುಕೊಂಡಿದ್ದಾರೆ. 2015ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ 14 ಜನರ ಹತ್ಯೆಯಾಯಿತು. ದಾಳಿಕೋರರಲ್ಲೊಬ್ಬನಿಗೆ ಕಚೇರಿಯಿಂದ ಕೊಟ್ಟಿದ್ದ ಐಫೋನ್ 5ಸಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಕೈಗೆ ಸಿಕ್ಕಿತು. ಅದರ ಬೀಗ ಮುರಿಯಲು ನೆರವಾಗುವ ವಿಶೇಷ ತಂತ್ರಾಂಶ ಬರೆದುಕೊಡಬೇಕೆಂದು 2016ರ ಫೆಬ್ರುವರಿಯಲ್ಲಿ ನ್ಯಾಯಾಲಯ ಆದೇಶಿಸಿತು, ಆಪಲ್ ಒಪ್ಪಲಿಲ್ಲ, ಮಾರ್ಚ್ 28ರಂದು ಬೇರೆಯವರ ಸಹಾಯದಿಂದ ಫೋನು ತೆರೆದಾಯಿತೆಂದು ಸರ್ಕಾರವೇ ಹಿಂದೆ ಸರಿಯಿತು. ಬೀಗದ ಈ ಜಗಳವನ್ನು ಲೋಕವೆಲ್ಲ ನೋಡಿತು. ಆದರೆ ಅದೇ ಫೋನಿನ ಐಕ್ಲೌಡ್ (ಆಪಲ್‌ನ ಕ್ಲೌಡ್) ಬ್ಯಾಕಪ್ಪನ್ನು, 2015ರ ಅಕ್ಟೋಬರ್ 19ರವರೆಗಿನದನ್ನು, ಆಪಲ್ ಅಷ್ಟರಲ್ಲಾಗಲೇ ಕೊಟ್ಟಾಗಿತ್ತು. ಅದರ ನಂತರದ್ದೂ ಸಿಗುವ ಒಂದು ದಾರಿಯಿತ್ತು: ಫೋನನ್ನು ಪರಿಚಿತ ವೈ-ಫೈ ಹತ್ತಿರ ಒಯ್ದಿಟ್ಟರೆ ತಾನೇ ಹೊಸ ಬ್ಯಾಕಪ್ ಮಾಡಿಕೊಳ್ಳಬಹುದಿತ್ತು. ಎಫ್‌ಬಿಐ ಹೇಳಿತೆಂದು, ಅವನಿಗೆ ಕೆಲಸ ಕೊಟ್ಟಿದ್ದ ಕೌಂಟಿಯವರು, ಅಂದರೆ ಅಲ್ಲಿನ ಜಿಲ್ಲಾಡಳಿತದವರು, ಆ ಖಾತೆಯ ಪಾಸ್‌ವರ್ಡ್ ಬದಲಿಸಿದ್ದರಿಂದ ಆ ದಾರಿ ಮುಚ್ಚಿತು. ತನಿಖೆಯವರು ಮೊದಲು ಕೈಹಾಕಿದ್ದು ಮುಂಬಾಗಿಲಿಗಲ್ಲ, ಹಿತ್ತಿಲಿಗೆ. ಇದನ್ನು ಓದಿದ ವಾರವೇ ನಾನು ಮಾಮೂಲಿ ಬ್ಯಾಕಪ್ ನಿಲ್ಲಿಸಿದೆ. ಪುಕ್ಕಟೆ ಸಿಗುವ 5 ಜಿಬಿ ಹೇಗೂ ತುಂಬಿಹೋಗಿತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಎರಡನೆಯದು ಕಾಗದದ ಮೇಲೆ ಅತ್ಯುತ್ತಮವಾದದ್ದು. ಬ್ಯಾಕಪ್ ಇರುವುದು ಕ್ಲೌಡಿನಲ್ಲೇ, ಆದರೆ ಅದು ಫೋನಿನಿಂದ ಹೊರಡುವ ಮೊದಲೇ ಮುದ್ರೆಯೊತ್ತಿಸಿಕೊಂಡು ಹೋಗುತ್ತದೆ. ಅದನ್ನು ಒಡೆಯುವ ಕೀಲಿ ನನ್ನಲ್ಲಿ ಮಾತ್ರ. ಆದೇಶ ಬಂದರೂ ಕಂಪನಿ ಕೊಡಬಹುದಾದದ್ದು ಅರ್ಥವಾಗದ ಅಕ್ಷರರಾಶಿಯನ್ನಷ್ಟೇ. ನಾನು ಇದನ್ನು ಸಂದೇಶಗಳ ಆ್ಯಪಿನಿಂದ ಶುರುಮಾಡಿದೆ. ಒಂದು ಉದ್ದನೆಯ ಕೀಲಿಯನ್ನು ಪರದೆಯ ಮೇಲೆ ತೋರಿಸಿ, ಇದನ್ನು ಜೋಪಾನವಾಗಿಟ್ಟುಕೊಳ್ಳಿ, ಕಳೆದರೆ ನಾವೂ ಏನೂ ಮಾಡಲಾರೆವು ಎಂದಿತು. ಜೋಪಾನ ಮಾಡಿದೆ. ಹೇಗೆಂದರೆ, ಪರದೆಯ ಚಿತ್ರ ತೆಗೆದುಕೊಂಡೆ.

ಎಂಟು ತಿಂಗಳ ಮೇಲೆ ಒಂದು ಬೆಳಿಗ್ಗೆ ಆ ಫೋನು ಕಣ್ಣೇ ಬಿಡಲಿಲ್ಲ. ಹೊಸದನ್ನು ಕೊಂಡು ಆ್ಯಪು ಹಾಕಿದಾಗ ಅದು ಕೀಲಿ ಕೇಳಿತು. ಕೀಲಿ ಸತ್ತ ಫೋನಿನ ಹೊಟ್ಟೆಯಲ್ಲಿತ್ತು. ಅರ್ಧ ದಿನ ತಲೆಯ ಮೇಲೆ ಕೈಹೊತ್ತು ಕುಳಿತ ಮೇಲೆ ಹೊಳೆಯಿತು: ನನ್ನ ಚಿತ್ರಗಳೆಲ್ಲ ತಾವಾಗಿಯೇ ಕ್ಲೌಡಿಗೆ ಹೋಗುತ್ತವಲ್ಲ! ಬ್ರೌಸರಿನಲ್ಲಿ ಹೋಗಿ ಹುಡುಕಿದೆ. ಬೆಕ್ಕಿನ ಚಿತ್ರಕ್ಕೂ ಯಾವುದೋ ರಸೀದಿಯ ಚಿತ್ರಕ್ಕೂ ನಡುವೆ ಕೀಲಿ ನಗುತ್ತಾ ಕುಳಿತಿತ್ತು. ಒಂದು ಗಳಿಗೆ ಹಿಗ್ಗಿದೆ. ಮರುಗಳಿಗೆಯಲ್ಲೇ ಮುಖ ಜೋತುಬಿತ್ತು. ಮುದ್ರೆಯೊತ್ತಿದ ಪೆಟ್ಟಿಗೆ ಇದ್ದದ್ದು ಯಾವ ಕಂಪನಿಯ ಉಗ್ರಾಣದಲ್ಲೋ, ಅದರ ಕೀಲಿಯ ಚಿತ್ರವೂ ಅದೇ ಉಗ್ರಾಣದ ಇನ್ನೊಂದು ಕಪಾಟಿನಲ್ಲಿತ್ತು, ಮತ್ತು ಆ ಕಪಾಟಿನ ಬೀಗದಕೈ ಅವರ ಬಳಿಯೇ ಇತ್ತು. ಎಂಟು ತಿಂಗಳ ನನ್ನ ಗೌಪ್ಯತೆಯ ಬೆಲೆ ಇಷ್ಟೇ.

ಬುದ್ಧಿ ಬಂತು, ಹೊಸ ಕೀಲಿಯನ್ನು ಕೈಯಲ್ಲಿ ಬರೆದಿಟ್ಟೆ. ಇಲ್ಲಿ ಇನ್ನೊಂದು ಎಡವಟ್ಟು. ಕೈಬರಹದಲ್ಲಿ ನನಗೆ ಕನ್ನಡ ಅಂಕಿಗಳ ಅಭ್ಯಾಸ. ಮೊದಲ ಸಾಲನ್ನು ಎಚ್ಚರದಿಂದ ಬರೆದವನು ಎರಡನೆಯ ಸಾಲಿಗೆ ಬರುವಷ್ಟರಲ್ಲಿ ರೂಢಿಗೆ ಬಿದ್ದಿದ್ದೇನೆ. ತಿಂಗಳ ನಂತರ ಪರೀಕ್ಷೆಗೆಂದು ಆ ಚೀಟಿ ತೆಗೆದು ನೋಡಿದರೆ, ನಾನು ಬರೆದ ೪ ನನಗೇ 8ರಂತೆ ಕಾಣುತ್ತಿದೆ, ೧ ಬರೆದದ್ದು ಸೊನ್ನೆಯೋ ಏನೋ ತಿಳಿಯುತ್ತಿಲ್ಲ. ಇಂಥವು ಆರು ಜಾಗ. ಫೋನು ಬದುಕಿತ್ತಾದ್ದರಿಂದ ಹೊಸ ಕೀಲಿ ಮಾಡಿಕೊಂಡೆ. ಸತ್ತಿದ್ದರೆ ನಾಲ್ಕು ವರ್ಷದ ಸಂದೇಶಗಳು ನನ್ನದೇ ಕೈಬರಹಕ್ಕೆ ಬಲಿಯಾಗುತ್ತಿದ್ದವು. ಸರ್ಕಾರಕ್ಕೂ ಸಿಗದಂತೆ, ನನಗೂ ಸಿಗದಂತೆ ಕಾಪಾಡಿದ ಹೆಗ್ಗಳಿಕೆ ಉಳಿಯುತ್ತಿತ್ತು.

ಈ ಬಗೆಯ ಮೇಲೆ ನನಗಿರುವ ಇನ್ನೊಂದು ಅನುಮಾನ ನನ್ನ ಮರೆಗುಳಿತನಕ್ಕೆ ಸಂಬಂಧಿಸಿದ್ದಲ್ಲ. ಆಪಲ್ 2022ರ ಡಿಸೆಂಬರ್‌ನಲ್ಲಿ ‘ಅಡ್ವಾನ್ಸ್‌ಡ್ ಡೇಟಾ ಪ್ರೊಟೆಕ್ಷನ್’ ಎಂಬ ಹೆಸರಿನಲ್ಲಿ ಇಡೀ ಫೋನಿನ ಬ್ಯಾಕಪ್ಪಿಗೂ ಚಿತ್ರಗಳಿಗೂ ಇದೇ ರಕ್ಷಣೆ ತಂದಿತು. 2025ರ ಫೆಬ್ರುವರಿ ಆರಂಭದಲ್ಲಿ, ಆ ಮಾಹಿತಿಗೆ ದಾರಿ ಮಾಡಿಕೊಡಬೇಕೆಂದು ಬ್ರಿಟನ್ ಸರ್ಕಾರ ತನ್ನ 2016ರ ತನಿಖಾಧಿಕಾರ ಕಾಯ್ದೆಯಡಿ ಗುಪ್ತ ಆದೇಶ ಕೊಟ್ಟಿದೆ ಎಂದು ಪತ್ರಿಕೆಗಳು ಬರೆದವು. ಅದೇ ತಿಂಗಳ 21ರಂದು ಆಪಲ್ ಆ ದೇಶದ ಹೊಸ ಬಳಕೆದಾರರಿಗೆ ಈ ಸೌಲಭ್ಯವನ್ನೇ ನಿಲ್ಲಿಸಿತು. ಬೀಗ ಮುರಿಯಲಿಲ್ಲ ನಿಜ, ಆದರೆ ಬೀಗ ಮಾರುವುದನ್ನೇ ನಿಲ್ಲಿಸಿದರು. ಕಂಪನಿ ಕೊಟ್ಟ ಬೀಗವನ್ನು ಕಂಪನಿ ಹಿಂದಕ್ಕೆ ಪಡೆಯಬಹುದು ಎಂಬುದು ಅಂದು ನನಗೆ ಖಾತ್ರಿಯಾಯಿತು. ಇಮೇಲ್, ವಿಳಾಸಪಟ್ಟಿ, ಕ್ಯಾಲೆಂಡರ್ ಮೂರೂ ಮೊದಲಿನಿಂದಲೂ ಈ ರಕ್ಷಣೆಯ ಹೊರಗೇ ಇವೆ.

ಇನ್ನು ನನ್ನ ಮೆಚ್ಚಿನದು. ತಂತಿ ಸಿಕ್ಕಿಸಿ, ಸ್ಥಳೀಯ ಬ್ಯಾಕಪ್ಪನ್ನು ಎನ್‌ಕ್ರಿಪ್ಟ್ ಮಾಡು (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡು) ಎಂಬ ಚೌಕಕ್ಕೆ ಗುರುತು ಹಾಕಿದರೆ ಮುಗಿಯಿತು. ವಿಚಿತ್ರವೆಂದರೆ ಐಫೋನಿನಲ್ಲಿ ಪಾಸ್‌ವರ್ಡ್ ಹಾಕಿದ ಬ್ಯಾಕಪ್ಪಿನೊಳಗೆ ಹಾಕದ್ದಕ್ಕಿಂತ ಹೆಚ್ಚು ಸರಕು ಇರುತ್ತದೆ. ಉಳಿಸಿಟ್ಟ ಪಾಸ್‌ವರ್ಡ್‌ಗಳು, ಆರೋಗ್ಯದ ದಾಖಲೆ, ಕರೆಗಳ ಪಟ್ಟಿ ಎಲ್ಲವೂ ಚೌಕಕ್ಕೆ ಗುರುತು ಹಾಕಿದರೆ ಮಾತ್ರ ಬರುತ್ತವೆ. ಹೊಸ ಫೋನಿಗೆ ಸುರಿದಾಗ ಹಳೆಯದರ ಪಡಿಯಚ್ಚು ಎದ್ದು ಬಂತು.

ಇಲ್ಲೂ ಒಂದು ತಪ್ಪು ಮಾಡಿದೆ. ನೆನಪಿರಲಿ ಎಂದು ಫೋನಿನ ಆರು ಅಂಕಿಗಳನ್ನೇ ಬ್ಯಾಕಪ್ಪಿಗೂ ಪಾಸ್‌ವರ್ಡ್ ಮಾಡಿದ್ದೆ. ಫೋನಿನ ಮೇಲೆ ಆ ಆರು ಅಂಕಿ ಸಾಕು, ಏಕೆಂದರೆ ಅಲ್ಲಿ ಕಾವಲಿಗೆ ಒಂದು ಚಿಪ್ ಕುಳಿತಿದೆ. ಬರಿಯ ಲೆಕ್ಕ ನೋಡಿದರೆ ಆರು ಅಂಕಿಗಳಲ್ಲಿ ಇರುವುದು ಹತ್ತು ಲಕ್ಷ ಸಾಧ್ಯತೆ. ಒಂದೊಂದು ಊಹೆಗೆ ಸುಮಾರು 80 ಮಿಲಿಸೆಕೆಂಡ್ ಹಿಡಿಯುವಂತೆ ಐಫೋನನ್ನು ಕಟ್ಟಿದ್ದಾರೆ, ಅಂದರೆ ಒಂದು ದಿನದೊಳಗೆ ಎಲ್ಲವನ್ನೂ ಮುಗಿಸಬಹುದು. ಹಾಗಾಗದಂತೆ ತಡೆಯುವುದು ತಪ್ಪಿದಷ್ಟೂ ಹೆಚ್ಚು ಹೊತ್ತು ಕಾಯಿಸುವ, ಹೇಳಿಟ್ಟಿದ್ದರೆ ಹತ್ತು ತಪ್ಪಿಗೆ ಎಲ್ಲವನ್ನೂ ಅಳಿಸಿಹಾಕುವ ಏರ್ಪಾಡು. ಡಿಸ್ಕಿನಲ್ಲಿರುವ ಬ್ಯಾಕಪ್ಪಿಗೆ ಅಂಥ ಕಾವಲುಗಾರನಿಲ್ಲ. ಯಾರಾದರೂ ಅದನ್ನು ನಕಲು ಮಾಡಿಕೊಂಡು ಹೋಗಿ, ಹತ್ತಾರು ಯಂತ್ರಗಳನ್ನು ಹೂಡಿ, ಬಿಡುವಾಗಿ ಊಹಿಸುತ್ತಾ ಕೂರಬಹುದು. ಒಂದೊಂದು ಊಹೆಯೂ ನಿಧಾನವಾಗುವಂತೆ ಒಂದು ಕೋಟಿ ಸುತ್ತಿನ ಲೆಕ್ಕ ಇಟ್ಟಿದ್ದಾರಾದರೂ ಆರು ಅಂಕಿಗೆ ಅದು ಆಸರೆಯಾಗದು. ಈಗ ಒಂದಕ್ಕೊಂದು ಸಂಬಂಧವಿಲ್ಲದ ಆರು ಪದಗಳನ್ನು ಪೋಣಿಸಿ ಇಟ್ಟುಕೊಂಡಿದ್ದೇನೆ. ಅಂಕಿಗಳ ಸಹವಾಸವೇ ಬೇಡ.

ಕಿರಿಕಿರಿ ಇಲ್ಲವೆಂದಲ್ಲ. ಪ್ರತಿ ಸಲವೂ ಫೋನು ಪಾಸ್‌ಕೋಡ್ ಕೇಳುತ್ತದೆ, ಹಾಗಾಗಿ ಸಿಕ್ಕಿಸಿಟ್ಟು ಎದ್ದುಹೋಗುವಂತಿಲ್ಲ. ಮನೆಗೆ ಬೆಂಕಿ ಬಿದ್ದರೆ ಫೋನು, ಡಿಸ್ಕು ಎರಡೂ ಹೋಗುತ್ತವೆ, ಅದಕ್ಕೆ ಇನ್ನೊಂದು ನಕಲು ಬೇರೆ ಕಡೆ ಇರಬೇಕು. ಆಂಡ್ರಾಯ್ಡ್ ಬಳಸುವವರಿಗೆ ಇಡೀ ಫೋನನ್ನು ಹೀಗೆ ಒಂದೇ ಗುರುತಿನಲ್ಲಿ ಎತ್ತಿಡುವ ಅನುಕೂಲವಿಲ್ಲ. ಅದಕ್ಕೆ ಬದಲು 9ನೆಯ ಆವೃತ್ತಿಯಿಂದ ಅದರ ಕ್ಲೌಡ್ ಬ್ಯಾಕಪ್ಪಿನ ಆ್ಯಪ್ ಮಾಹಿತಿಗೆ ಪರದೆಯ ಬೀಗವೇ ಕೀಲಿ, ಆದರೆ ಗೂಗಲ್ ಫೋಟೋಸ್‌ನ ಚಿತ್ರಗಳಿಗೆ ಆ ರಕ್ಷಣೆಯಿಲ್ಲ.

ಮನೆಗೇ ಆದೇಶ ಹಿಡಿದು ಬಂದರೆ? ಡಿಸ್ಕನ್ನು ಒಯ್ಯುತ್ತಾರೆ. ಪಾಸ್‌ವರ್ಡ್ ಕೊಡು ಎಂದು ಒತ್ತಾಯಿಸುವ ಕಾನೂನು ಕೆಲವು ದೇಶಗಳಲ್ಲಿದೆ. ಆದರೂ ಬಂದವರು ನನ್ನ ಮುಂದೆ ಬಂದಿರುತ್ತಾರೆ, ಕೈಯಲ್ಲಿ ಏನಿದೆ ಎಂದು ಕೇಳಬಹುದು, ವಕೀಲರನ್ನು ಕರೆಯಬಹುದು. ನನಗೆ ಬೇಕಾದದ್ದು ಅಷ್ಟೇ, ಬಚ್ಚಿಡುವಂಥದ್ದು ನನ್ನ ಫೋನಿನಲ್ಲಿ ಹೆಚ್ಚೇನೂ ಇಲ್ಲ.

ವಾರಕ್ಕೊಮ್ಮೆ ಅರ್ಧ ಗಂಟೆ ಕಂಪ್ಯೂಟರಿನ ಮುಂದೆ ಕೂರುವ ಅಭ್ಯಾಸ ನನಗಿದೆ, ತಿಂಗಳ ಬಾಡಿಗೆ ಕಟ್ಟುವುದು ಆಗದು, ಹಳೆಯ ಡಿಸ್ಕು ಮನೆಯಲ್ಲೇ ಬಿದ್ದಿತ್ತು. ಹಾಗಾಗಿ ಇದು ನನಗೆ ಸರಿಹೋಯಿತು. ಆ ಅಭ್ಯಾಸವಿಲ್ಲದವರು ಎರಡನೆಯದನ್ನು ಹಿಡಿಯಲಿ, ಕೀಲಿಯನ್ನು ಮುದ್ರಿಸಿ ಇಟ್ಟುಕೊಳ್ಳಲಿ, ಒಮ್ಮೆ ಅದರಿಂದ ತೆರೆದೂ ನೋಡಲಿ.

ನನ್ನ ತಂಗಿಗೆ ಮಾತ್ರ ಮಾಮೂಲಿ ಕ್ಲೌಡನ್ನೇ ಹಾಕಿಕೊಟ್ಟಿದ್ದೇನೆ. ಮಕ್ಕಳ ಚಿತ್ರಗಳು ಕಳೆದುಹೋದಾವೆಂಬ ಭಯ ಅವಳಿಗೆ ಉಳಿದೆಲ್ಲ ಭಯಕ್ಕಿಂತ ದೊಡ್ಡದು, ಅದು ತಪ್ಪೂ ಅಲ್ಲ. ನಾನು ಅವಳಿಗೆ ಕಳಿಸಿದ ಸಂದೇಶಗಳೆಲ್ಲ ಅವಳ ಬ್ಯಾಕಪ್ಪಿನ ಜೊತೆ ಅಲ್ಲಿಗೇ ಹೋಗಿ ಕೂರುತ್ತವೆ. ಗೊತ್ತಿದ್ದೇ ಹಾಕಿಕೊಟ್ಟೆ.