ಬೋರ್‌ವೆಲ್ ರೀಚಾರ್ಜ್ ಮಾಡಿಸಿದ್ವಿ, 5ಕ್ಕೆ 3 ಸ್ಟಾರ್

ಕೆಲ್ಸ ಗಟ್ಟಿ, ಮರಳಿನ ವಿಷ್ಯಕ್ಕೆ 2 ಸ್ಟಾರ್ ಕಟ್. ಹೊಳಲ್ಕೆರೆ ಕಡೆ ಅಡಿಕೆ ತೋಟದಲ್ಲಿ ಮಳೆ ನೀರು ಬೋರಿಗೆ ಇಳಿಲಿ ಅಂತ ಅದ್ರ ಸುತ್ತ ಇಂಗುಗುಂಡಿ ಮಾಡಿಸಿದ್ದು, ಕೆಲ್ಸ ಮಾಡಿದ ಪಾರ್ಟಿ ಹೆಸ್ರು ಹಾಕಲ್ಲ, ಚಿತ್ರದುರ್ಗದ ಸುತ್ತ ಈ ಕೆಲ್ಸ ಮಾಡೋರು ಬೇಕಾದಷ್ಟು ಜನ ಅವ್ರೆ.

ಕೇಸಿಂಗ್ (ಬೋರಿಗೆ ಇಳಿಸಿರೋ ಪೈಪ್) ಸುತ್ತ ಜೆಸಿಬಿಲಿ ಹತ್ತಡಿ ಆಳ ಹತ್ತಡಿ ಅಗಲ ಗುಂಡಿ ತೆಗೆದ್ರು, ಪೈಪ್ ಹತ್ರ ಬಂದಾಗ ಜೆಸಿಬಿ ನಿಲ್ಸಿ ಹಾರೆ ಸಲಿಕೆಲೇ ಬಿಡಿಸಿದ್ರು, ಅದು ಇಷ್ಟ ಆಯ್ತು. ಆಮೇಲೆ ಡ್ರಿಲ್ ಹಿಡ್ಕಂಡು ಪೈಪಿಗೆ ಸಾಲಾಗಿ ತೂತು ಹೊಡ್ದು, ಮೇಲೆ ನೈಲಾನ್ ಮೆಶ್ ಬಿಗಿದು, ಕೆಳಗೆ ದಪ್ಪ ಕಲ್ಲು, ಅದ್ರ ಮೇಲೆ ಜಲ್ಲಿ, ಕೊನೆಗೆ ಮರಳು. ಮುಂದೆ ಹೂಳು ನಿಲ್ಲೋಕೆ ಇನ್ನೊಂದು ಸಣ್ಣ ಗುಂಡಿ. ಇದನ್ನ ಮಾತ್ರ ಬಿಡಬೇಡಿ, ಕಾಸು ಉಳಿಸೋಕೆ ಎಲ್ರೂ ಮೊದ್ಲು ಕೈಬಿಡೋದು ಇದನ್ನೇ. ಗೊಬ್ಬರ, ಕಳೆನಾಶಕ, ಕೆಸ್ರು ಎಲ್ಲ ತೊಳ್ಕಂಡು ಬಂದ ನೀರು ಸೀದಾ ಬೋರಿಗೆ ಇಳಿದ್ರೆ ಕಲ್ಲಿನ ಸಂದಿ ಮುಚ್ಕಂತದೆ, ಕೆಳಗಿನ ನೀರೂ ಕೆಡ್ತದೆ, ಆಮೇಲೆ ಅದನ್ನ ಯಾರು ತೊಳಿತಾರೆ?

ಇನ್ನು ಮರಳು. ಕತ್ಲಾದ್ಮೇಲೆ ಟ್ರ್ಯಾಕ್ಟರ್ ಬಂತು, ಟ್ರೈಲರ್ ಸಂದಿಲಿ ಇನ್ನೂ ನೀರು ತೊಟ್ಟಿಕ್ತಾ ಐತೆ. ಎಲ್ಲಿದಪ್ಪ ಅಂದ್ರೆ "ಹಳ್ಳದ್ದು ಯಜಮಾನ್ರೇ, ಫಸ್ಟ್ ಕ್ಲಾಸ್ ಮಾಲು" ಅಂತಾನೆ. ಅಲ್ಲ, ನೀರು ಇಂಗಿಸೋಕೆ ದುಡ್ಡು ಕೊಟ್ರೆ ನೀರು ಇಂಗಿಸ್ತಿದ್ದ ಮರಳನ್ನೇ ಎತ್ಕಂಡು ಬರೋದಾ! ಮಳೆ ನಿಂತು ಎಷ್ಟೋ ದಿನ ಆದ್ರೂ ಹಳ್ಳದ ಮರಳು ನೀರು ಹಿಡ್ಕಂಡು ನಿಧಾನಕ್ಕೆ ಕೆಳಗೆ ಬಿಡ್ತಾ ಇರ್ತದೆ, ಒರತೆ ತೋಡಿದ್ರೆ ಜನಕ್ಕೆ, ಕುರಿ ಮೇಕೆಗೆ, ಹಕ್ಕಿಗೆ ಎಲ್ಲಕ್ಕೂ ಆಗ್ತಿತ್ತು. ಮರಳು ತೆಗೆದ ಕಡೆ ಈಗ ಹೋಗಿ ನೋಡಿ, ಮಳೆ ನೀರು ನಿಲ್ಲದಂಗೆ ಓಡಿಹೋಗ್ತದೆ, ದಡ ಕುಸಿದು ಹೊಂಗೆ ಮರದ ಬೇರು ಹೊರಗೆ ನೇತಾಡ್ತಾವೆ, ಅಕ್ಕಪಕ್ಕದ ತೆರೆದ ಬಾವಿ ಒಣಗಿದಾವೆ. ಲೋಡ್ ವಾಪಸ್ ಕಳಿಸಿ ತೊಳೆದ ಎಂ-ಸ್ಯಾಂಡ್ ತರಿಸಿದ್ವಿ (ಕಲ್ಲು ಪುಡಿ ಮಾಡಿದ ಮರಳು, ಅದೂ ಯಾವ್ದೋ ಗುಡ್ಡ ಒಡೆದಿದ್ದೇ, ಗೊತ್ತು). ಅದಕ್ಕೆ ಮುಖ ಗಂಟಿಕ್ಕಿದ್ರು, ಎಕ್ಸ್‌ಟ್ರಾ ಚಾರ್ಜೂ ಹಾಕಿದ್ರು.

ನೀರು ಬಂತಾ ಅಂತ ಕೇಳ್ತೀರ, ಮಳೆ ಆದ್ಮೇಲೆ ಮೋಟ್ರು ಮೊದ್ಲಿಗಿಂತ ಜಾಸ್ತಿ ಹೊತ್ತು ಓಡ್ತಾ ಐತೆ. ಆದ್ರೆ ಕೆಲ್ಸದೋರು "ಇನ್ ನೀರಿನ ಚಿಂತೆ ಬಿಡಿ, ಇನ್ನೊಂದು ಎಕ್ರೆ ಅಡಿಕೆ ಹಾಕಿ" ಅಂತಾರಲ್ಲ, ಅದನ್ನ ಕೇಳಬೇಡಿ. ನಮ್ಮ ಕಡೆ ಕೆಳಗೆಲ್ಲ ಗಟ್ಟಿ ಕಲ್ಲು, ನೀರು ಇರೋದು ಸಂದಿಲಿ, ಇಳಿದಿದ್ದಕ್ಕಿಂತ ಜಾಸ್ತಿ ಎಳೆದ್ರೆ ಪಕ್ಕದೋರ ಬೋರೂ ಹೋಗ್ತದೆ, ಅವ್ರು ಇನ್ನೂ ಆಳ ಕೊರೆಸ್ತಾರೆ, ಆಮೇಲೆ ನಾವು. ಆಳಕ್ಕೆ ಹೋದಂಗೆ ಫ್ಲೋರೈಡ್ ಕಾಟ ಬೇರೆ, ಕುಡಿಯೋ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರ್ದು, ಜಿಲ್ಲೆಲಿ ಎಷ್ಟೋ ಬೋರು ಅದನ್ನ ದಾಟಿದಾವೆ. 2022ರಲ್ಲಿ ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರ ಡ್ಯಾಮ್ 1933 ಆದ್ಮೇಲೆ ಮೊದ್ಲ ಸಲ ಕೋಡಿ ಬಿತ್ತು, ಊರಿಗೂರೇ ನೋಡೋಕೆ ಹೋಯ್ತು, ಬೋರ್ ಕೊರೆಯೋ ರಿಗ್ ಲಾರಿ ಓಡಾಟ ಮಾತ್ರ ಆಗ್ಲೂ ನಿಲ್ಲಲಿಲ್ಲ.

ಮಾಡಿಸೋರು ಬೇಸಿಗೆಲೇ ಮಾಡಿಸಿ, ಮಳೆ ಶುರುವಾದ್ರೆ ಗುಂಡಿ ಕುಸಿತದೆ. ಮರಳು ಎಲ್ಲಿಂದ ಅಂತ ಅಡ್ವಾನ್ಸ್ ಕೊಡೋಕೆ ಮುಂಚೆ ಕೇಳಿ. ಬಿಲ್ ತಾವಾಗೇ ಕೊಡಲ್ಲ, ಕೇಳಿ ಇಸ್ಕಳ್ಳಿ.