ಸೋಮವಾರ ಎಲಿಫೆಂಟಾ ತೋರಿಸುತ್ತೇವೆ ಎನ್ನುವವರಿಗೆ ಹಣ ಕೊಡಬೇಡಿ

ಮುಂಬೈ ನೋಡಲು ಹೊರಟಿರುವ ನಮ್ಮ ಕಡೆಯವರು ಮೊದಲು ಇದೊಂದನ್ನು ತಿಳಿದುಕೊಳ್ಳಿ: ಎಲಿಫೆಂಟಾ ಗುಹೆಗಳಿಗೆ ಸೋಮವಾರ ರಜೆ. ಪ್ರತಿ ಸೋಮವಾರ. ಇದು ದೋಣಿಯವರಿಗೆ ಗೊತ್ತು, ಬಸ್ಸಿನವರಿಗೆ ಗೊತ್ತು, ಗೇಟ್‌ವೇ ಮುಂದೆ ಫೋಟೊ ತೆಗೆಯುವ ಹುಡುಗರಿಗೂ ಗೊತ್ತು. ನಮಗೆ ಪ್ರವಾಸ ಮಾರಿದವನಿಗೂ ಗೊತ್ತಿತ್ತು. ಗೊತ್ತಿದ್ದೂ ಮಾರಿದ. ಅದೂ ಕನ್ನಡದಲ್ಲಿ ಮಾತನಾಡಿಸಿ, ಅಕ್ಕಾ ಅಕ್ಕಾ ಎಂದು ಕರೆದು ಮಾರಿದ. ಇದನ್ನು ಬರೆಯುವಾಗಲೂ ನನ್ನ ಹೊಟ್ಟೆ ಉರಿಯುತ್ತಿದೆ.

ನಾವು ಹೋಗಿದ್ದು ಮುಖ್ಯವಾಗಿ ನಮ್ಮ ಮಾವನವರಿಗಾಗಿ. ಅವರು ನಿವೃತ್ತ ಮೇಷ್ಟ್ರು, ಇತಿಹಾಸ ಕಲಿಸಿದವರು. ಬಾದಾಮಿ, ಐಹೊಳೆಗಳನ್ನು ಅಂಗೈಯಂತೆ ಬಲ್ಲವರು. ಐಹೊಳೆಯ ಮೇಗುತಿ ಬಸದಿಯಲ್ಲಿ ರವಿಕೀರ್ತಿ ಬರೆದ ಶಾಸನವಿದೆಯಲ್ಲ, ಅದರಲ್ಲಿ ಇಮ್ಮಡಿ ಪುಲಕೇಶಿ ಮದಗಜಗಳಂಥ ನೂರಾರು ಹಡಗುಗಳನ್ನು ಕೊಂಡೊಯ್ದು, ಪಡುವಣ ಕಡಲಿನ ಲಕ್ಷ್ಮಿಯಂತಿದ್ದ ಪುರಿಯನ್ನು ಗೆದ್ದ ಎಂದಿದೆ. ಆ ಪುರಿ ಎಂದರೆ ಇದೇ ಘಾರಾಪುರಿ, ಅಂದರೆ ಎಲಿಫೆಂಟಾ ದ್ವೀಪ ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಅಲ್ಲವೆನ್ನುವವರೂ ಇದ್ದಾರೆ. ಮಾವ ಎರಡೂ ವಾದಗಳನ್ನು ತರಗತಿಯಲ್ಲಿ ಹೇಳುತ್ತಿದ್ದರಂತೆ. ಆದರೆ ಆ ದ್ವೀಪವನ್ನು ಒಮ್ಮೆಯೂ ನೋಡಿರಲಿಲ್ಲ. ಅಲ್ಲಿನ ಮೂರು ಮುಖದ ಸದಾಶಿವನ ಮುಂದೆ ನಿಲ್ಲಬೇಕು ಎಂಬುದು ಅವರ ಬಹಳ ವರ್ಷಗಳ ಆಸೆ. ಮಂಡಿ ನೋವಿದ್ದರೂ ಅತ್ತೆಯೂ ಹೊರಟರು. ಮಕ್ಕಳಿಗೆ ರಜೆ ಇತ್ತು.

ದಾದರ್‌ನಲ್ಲಿ ಉಳಿದುಕೊಂಡಿದ್ದೆವು. ಲಾಡ್ಜಿನ ಬಾಗಿಲಲ್ಲೇ ಒಂದು ಮೇಜು, ಅದರ ಹಿಂದೆ ಬಣ್ಣದ ಫಲಕ, ಮುಂಬೈ ದರ್ಶನದ ಬುಕಿಂಗ್. ನಾವು ಕನ್ನಡ ಮಾತನಾಡುವುದನ್ನು ಕೇಳಿಸಿಕೊಂಡವನೇ ಎದ್ದು ಬಂದ. "ಯಾವ ಊರು ಅಕ್ಕಾ? ನಾವೂ ಆ ಕಡೆಯವರೇ." ಮಾವನ ಕೈಯಲ್ಲಿದ್ದ ಚೀಲವನ್ನು ತಾನೇ ತೆಗೆದುಕೊಂಡು ಒಳಗಿಟ್ಟ. ಪರ ಊರಿನಲ್ಲಿ ನಮ್ಮ ಮಾತು ಕಿವಿಗೆ ಬಿದ್ದರೆ ಮನಸ್ಸು ಸಡಿಲವಾಗುವುದು ಎಲ್ಲರಿಗೂ ಗೊತ್ತಿರುವುದೇ. ಅದನ್ನೇ ಅವನು ದುಡಿಸಿಕೊಂಡ.

ಬರೀ ನಗರ ಸುತ್ತಿಸುವುದಕ್ಕೆ ಒಂದು ದರ, ಎಲಿಫೆಂಟಾ ಸೇರಿದರೆ ತಲೆಗೆ 900 ರೂಪಾಯಿ ಎಂದ. ದೋಣಿ, ಗುಹೆಯ ಟಿಕೆಟ್, ಬಸ್, ಗೈಡ್ ಎಲ್ಲವೂ ಅದರಲ್ಲೇ. ಮಕ್ಕಳಿಗೂ ಪೂರ್ತಿ ದರ. ನಾನು ಸ್ಪಷ್ಟವಾಗಿ ಕೇಳಿದೆ, ಪಕ್ಕದಲ್ಲಿ ನನ್ನ ಗಂಡ, ಮಾವ ಇಬ್ಬರೂ ಇದ್ದರು: "ನಾಳೆ ಗುಹೆ ಒಳಗಿನಿಂದ ತೋರಿಸುತ್ತೀರಿ ತಾನೇ? ನಾಡಿದ್ದು ಬೆಳಿಗ್ಗೆ ನಮ್ಮ ರೈಲು ಇದೆ." ಅವನು ನಕ್ಕ. "ತೋರಿಸದೆ ಇರುತ್ತೇವೆಯೇ ಅಕ್ಕಾ? ದೊಡ್ಡವರು ಇಷ್ಟು ದೂರ ಬಂದಿದ್ದಾರೆ." ಆ ಮಾತನ್ನು ನಾನು ಮರೆಯುವುದಿಲ್ಲ. ನಾಳೆ ಸೋಮವಾರ ಎಂದು ಅವನ ಮೇಜಿನ ಮೇಲಿದ್ದ ಕ್ಯಾಲೆಂಡರಿನಲ್ಲಿಯೇ ಇತ್ತು. ಮೊಬೈಲಿನಿಂದ ಹಣ ಕಳುಹಿಸಲು ಹೋದರೆ ಸ್ಕ್ಯಾನರ್ ಕೆಟ್ಟಿದೆ, ನಗದು ಕೊಡಿ ಎಂದ. ಕೊಟ್ಟೆವು. ಕಾರ್ಬನ್ ಹಾಳೆ ಇಟ್ಟು ರಸೀದಿ ಬರೆದುಕೊಟ್ಟ, ಸ್ಥಳಗಳ ಪಟ್ಟಿಯನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ.

ಬೆಳಿಗ್ಗೆ ಬಸ್ ಹತ್ತುವಾಗ ಗೈಡ್ ಎಲ್ಲರ ರಸೀದಿಗಳನ್ನೂ ತೆಗೆದುಕೊಂಡ. ಎಣಿಕೆಗೆ ಬೇಕು, ಸಂಜೆ ಕೊಡುತ್ತೇನೆ ಎಂದ. ಇದನ್ನು ಗಮನಿಸಿ, ಮುಂದೆ ಹೇಳುತ್ತೇನೆ.

ಗೇಟ್‌ವೇ ಆಫ್ ಇಂಡಿಯಾ ಮುಂದೆ ಬಸ್ ನಿಂತಿತು. ಐದನೇ ಜಾರ್ಜ್ 1911ರಲ್ಲಿ ಬಂದಿಳಿದ ನೆನಪಿಗೆ ಕಟ್ಟಿಸಿದ್ದು, ಮುಗಿದದ್ದು ಮಾತ್ರ 1924ರಲ್ಲಿ ಎಂದು ಮಾವ ಮಕ್ಕಳಿಗೆ ವಿವರಿಸುತ್ತಿದ್ದರು. ದ್ವೀಪಕ್ಕೆ ಎಲಿಫೆಂಟಾ ಎಂಬ ಹೆಸರು ಬಂದದ್ದು ಅಲ್ಲಿ ಪೋರ್ಚುಗೀಸರು ಕಂಡ ಕಲ್ಲಾನೆಯಿಂದ, ಆ ಆನೆ ಈಗ ಬೈಕುಲಾದ ಜೀಜಾಮಾತಾ ಉದ್ಯಾನದಲ್ಲಿದೆ ಎಂದರು. ಅವರು ಅಷ್ಟು ಉತ್ಸಾಹದಿಂದ ಮಾತನಾಡಿದ್ದನ್ನು ನಾನು ಈಚೆಗೆ ನೋಡಿಯೇ ಇರಲಿಲ್ಲ. ಗೈಡ್ ನಮ್ಮನ್ನು ಒಂದು ದೋಣಿಯತ್ತ ಕರೆದುಕೊಂಡು ಹೋದ. ಹತ್ತುವ ಮೊದಲು ತಲೆಗೆ ಇಷ್ಟು ಎಂದು ಮತ್ತೆ ಹಣ ಕೇಳಿದ. ಎಲ್ಲವೂ ಸೇರಿದೆ ಎಂದಿದ್ದರಲ್ಲ ಎಂದರೆ, ಅದು ಬಸ್ಸಿನದು, ಇದು ದೋಣಿಯದು ಎಂದ. ಹಿಂದೆ ಸಾಲು ನಿಂತಿತ್ತು, ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಕೊಟ್ಟೆವು.

ದೋಣಿ ಹೊರಟಿತು. ಅತ್ತೆಗಾಗಲಿ ಮಕ್ಕಳಿಗಾಗಲಿ ಯಾರೂ ಲೈಫ್ ಜಾಕೆಟ್ ಕೊಡಲಿಲ್ಲ. 2024ರ ಡಿಸೆಂಬರಿನಲ್ಲಿ ಇದೇ ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟಿದ್ದ ದೋಣಿಗೆ ನೌಕಾಪಡೆಯ ವೇಗದ ದೋಣಿ ಡಿಕ್ಕಿ ಹೊಡೆದು ಜನ ಸತ್ತಿದ್ದನ್ನು ನೀವೂ ಓದಿರುತ್ತೀರಿ. ಆಮೇಲೂ ಹೀಗೆ. ಕೇಳಿದರೆ, "ಸ್ವಲ್ಪ ದೂರ ತಾನೇ" ಎಂದರು. ಎಲಿಫೆಂಟಾ ಸ್ವಲ್ಪ ದೂರವಲ್ಲ, ಸುಮಾರು ಒಂದು ಗಂಟೆಯ ದಾರಿ. ಆಗಲೇ ನನಗೆ ಏನೋ ಸರಿಯಿಲ್ಲ ಎನ್ನಿಸಿತು.

ಸ್ವಲ್ಪ ದೂರ ಹೋಗಿ ದೋಣಿ ತಿರುಗಿತು. ನಾನು ಬೇರೆ ಯಾವುದೋ ಧಕ್ಕೆಗೆ ಹೋಗಲು ತಿರುಗಿಸುತ್ತಿದ್ದಾರೆ ಎಂದುಕೊಂಡೆ. ಗೈಡ್ ಕೈ ಚಾಚಿ, ಮಬ್ಬಿನಲ್ಲಿ ಬೂದು ಬಣ್ಣಕ್ಕೆ ಕಾಣುತ್ತಿದ್ದ ಗುಡ್ಡವೊಂದನ್ನು ತೋರಿಸಿದ. "ಅದೋ ಎಲಿಫೆಂಟಾ. ಫೋಟೊ ತೆಗೆದುಕೊಳ್ಳಿ." ದೋಣಿಯಲ್ಲಿದ್ದವರು ಮೊಬೈಲ್ ಎತ್ತಿದರು. ಮಾವ ಎದ್ದು ನಿಂತರು. "ಅಲ್ಲಿಗೆ ಯಾವಾಗ ಹೋಗುತ್ತೇವೆ?" ಎಂದು ನನ್ನನ್ನು ಕೇಳಿದರು. ನನ್ನನ್ನು ಕೇಳಿದರು, ಗೈಡನ್ನಲ್ಲ. ಏಕೆಂದರೆ ನಾನೇ ಮುಂದೆ ನಿಂತು ಬುಕ್ ಮಾಡಿಸಿದ್ದು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಗೈಡ್ ಹಿಂದಿಯಲ್ಲಿ, "ಇವತ್ತು ಸೋಮವಾರ ಸಾಹೇಬರೇ, ಗುಹೆ ಬಂದ್" ಎಂದ. ಹವಾಮಾನ ಹೇಳಿದಷ್ಟು ಸಲೀಸಾಗಿ ಹೇಳಿದ. ನಾವೆಲ್ಲ ಬಂದ ಜಾಗಕ್ಕೇ ಬಂದು ಇಳಿದೆವು. ಅತ್ತೆ ಮೆಟ್ಟಿಲು ಹತ್ತುವಾಗ ನನ್ನ ಕೈ ಹಿಡಿದು, "ಇರಲಿ ಬಿಡಮ್ಮಾ" ಎಂದರು. ಆ ಮಾತು ಕೇಳಿ ಇನ್ನಷ್ಟು ನಾಚಿಕೆಯಾಯಿತು. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಲ್ಲಿಂದಲೇ ಆ ಬುಕಿಂಗ್‌ನವನಿಗೆ ಫೋನ್ ಮಾಡಿದೆ. ಅವನ ಉತ್ತರಗಳನ್ನು ಇದ್ದಂತೆಯೇ ಬರೆಯುತ್ತೇನೆ, ನೀವೇ ನೋಡಿ.

ಮೊದಲು: "ಅಕ್ಕಾ, ಸೋಮವಾರ ರಜೆ ಎಂದು ಎಲ್ಲರಿಗೂ ಗೊತ್ತಿರುತ್ತದೆ." ಎಲ್ಲರಿಗೂ ಗೊತ್ತಿದ್ದರೆ ಹಣ ಏಕೆ ತೆಗೆದುಕೊಂಡಿರಿ ಎಂದೆ. "ಪಟ್ಟಿಯಲ್ಲಿ ಎಲಿಫೆಂಟಾ ಎಂದು ಹಾಕಿದ್ದೇವೆ, ತೋರಿಸಿದ್ದೇವಲ್ಲ. ಇಳಿಸುತ್ತೇವೆ ಎಂದು ಎಲ್ಲಿ ಬರೆದಿದೆ?" ಗುಹೆ ಒಳಗಿನಿಂದ ಎಂದು ನಾನು ನಿನ್ನೆ ಕೇಳಲಿಲ್ಲವೇ ಎಂದೆ. ಆಗ ಅಕ್ಕ ಹೋಗಿ ಮೇಡಂ ಆದೆ. "ಮೇಡಂ, ನಾನು ಬುಕಿಂಗ್ ಮಾತ್ರ. ಬಸ್ ಬೇರೆಯವರದು. ಅವರನ್ನು ಕೇಳಿ." ಗೈಡನ್ನು ಕೇಳಿದರೆ, "ನಿಮ್ಮಿಂದ ಹಣ ತೆಗೆದುಕೊಂಡವರನ್ನು ಕೇಳಿ, ನನಗೆ ಕೊಟ್ಟಿರುವುದು ನಗರ ದರ್ಶನದ ಲೆಕ್ಕ ಮಾತ್ರ." ಅಂದರೆ ಎಲಿಫೆಂಟಾದ ಹೆಚ್ಚಿನ ಹಣ ಬಸ್ಸಿನವರೆಗೆ ಬಂದೇ ಇಲ್ಲ. ಮತ್ತೆ ಫೋನ್ ಮಾಡಿದೆ. ಈ ಸಲ ಅವನು ಕನ್ನಡವನ್ನೇ ಬಿಟ್ಟ. ಹಿಂದಿಯಲ್ಲಿ, ಯಾರು ನೀವು, ಯಾವ ಬುಕಿಂಗ್ ಎಂದ. ನಿನ್ನೆ ಚೀಲ ಹೊತ್ತವನು! ಅವನು ಕಳುಹಿಸಿದ್ದ ಪಟ್ಟಿಯನ್ನು ತೆರೆದು ಗೈಡ್‌ಗೆ ತೋರಿಸೋಣ ಎಂದು ವಾಟ್ಸ್ಆ್ಯಪ್ ತೆಗೆದರೆ, ಆ ಸಂದೇಶವನ್ನೇ ಅಳಿಸಿ ಹಾಕಿದ್ದ. ನಾನು ಸಾಲಿನಲ್ಲಿ ನಿಂತು ಜಗಳವಾಡುತ್ತಿದ್ದ ಹೊತ್ತಿನಲ್ಲೇ ಅಳಿಸಿದ್ದಾನೆ.

ಉಳಿದ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಆದರೆ ಅದೂ ಇದೇ ಜಾತಿಯದು. ವಸ್ತುಸಂಗ್ರಹಾಲಯ ಕಿಟಕಿಯಿಂದ. ಗಾಂಧೀಜಿ 1917ರಿಂದ 1934ರವರೆಗೆ ಮುಂಬೈಗೆ ಬಂದಾಗಲೆಲ್ಲ ಉಳಿಯುತ್ತಿದ್ದ ಮಣಿ ಭವನ, ಬಸ್ ಆ ಬೀದಿಗೆ ಹೋಗುವುದಿಲ್ಲವೆಂದು, "ಆ ಕಡೆ ಇದೆ" ಎಂಬ ಒಂದು ಮಾತಿನಲ್ಲಿ ಮುಗಿಯಿತು. ನೆಹರು ತಾರಾಲಯವೂ ಪಟ್ಟಿಯಲ್ಲಿತ್ತು. ಅದಕ್ಕೂ ಸೋಮವಾರವೇ ರಜೆ. ಹಾಜಿ ಅಲಿ ದರ್ಗಾ ದಾರಿಯಿಂದಲೇ. ಟಿಕೆಟ್ ಇಲ್ಲದ ಹ್ಯಾಂಗಿಂಗ್ ಗಾರ್ಡನ್‌ನಲ್ಲಿ ಮಾತ್ರ ಬೇಕಾದಷ್ಟು ಸಮಯ ಕೊಟ್ಟರು. ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲಿಸಿದ್ದು ಒಂದು ಬಟ್ಟೆ ಮತ್ತು ಕರಕುಶಲ ವಸ್ತುಗಳ ಅಂಗಡಿಯ ಮುಂದೆ. ಪಟ್ಟಿಯಲ್ಲಿ ಇಲ್ಲದ ಅಂಗಡಿ. ಅದಕ್ಕೆ ಸೋಮವಾರ ರಜೆ ಇರಲಿಲ್ಲ. ಗೈಡ್ ಎಲ್ಲರನ್ನೂ ಒಳಗೆ ಕಳುಹಿಸಿ ತಾನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕುಳಿತಿದ್ದ.

ಕತ್ತಲಾದ ಮೇಲೆ ಜುಹು ಕಡಲತೀರದಲ್ಲಿ ಇಳಿಸಿ, ಪ್ರವಾಸ ಇಲ್ಲಿಗೆ ಮುಗಿಯಿತು ಎಂದರು. ಹತ್ತಿಸಿಕೊಂಡದ್ದು ದಾದರ್‌ನಲ್ಲಿ, ಬಿಟ್ಟದ್ದು ಜುಹುವಿನಲ್ಲಿ. ವಾಪಸ್ ಹೋಗುವುದು ಹೇಗೆ ಎಂದರೆ, ಟ್ಯಾಕ್ಸಿ ಸಿಗುತ್ತದೆ. ಆಟೋದವರು ದಾದರ್‌ಗೆ ಬರುವುದಿಲ್ಲ, ದಕ್ಷಿಣ ಭಾಗದ ಹಳೆಯ ನಗರಕ್ಕೆ ಆಟೋಗಳಿಗೆ ಪ್ರವೇಶವೇ ಇಲ್ಲ. ಹೊಸಬರಿಗೆ ಇದೂ ತಿಳಿದಿರುವುದಿಲ್ಲ. ಆ ಗೊಂದಲದಲ್ಲಿ, ನಿದ್ದೆಗಣ್ಣಿನ ಮಕ್ಕಳು, ಕಾಲು ಊದಿಕೊಂಡ ಅತ್ತೆ, ಇವರನ್ನೆಲ್ಲ ಕೂಡಿಸಿಕೊಂಡು ಟ್ಯಾಕ್ಸಿ ಹುಡುಕುವ ಹೊತ್ತಿಗೆ ಬಸ್ ಹೊರಟೇಹೋಯಿತು. ನಮ್ಮ ರಸೀದಿಯೂ ಅದರಲ್ಲೇ ಹೋಯಿತು.

ರಾತ್ರಿ ಲಾಡ್ಜಿಗೆ ಬಂದರೆ ಬಾಗಿಲಲ್ಲಿ ಮೇಜಿಲ್ಲ. ಮ್ಯಾನೇಜರ್ ಹೇಳಿದ್ದು: "ಅವರಿಗೂ ನಮಗೂ ಸಂಬಂಧವಿಲ್ಲ, ಹೊರಗೆ ಕುಳಿತುಕೊಳ್ಳುತ್ತಾರೆ ಅಷ್ಟೇ." ಹಿಂದಿನ ದಿನ ಇದೇ ಮ್ಯಾನೇಜರ್, ಪ್ರವಾಸ ಬೇಕಿದ್ದರೆ ಬಾಗಿಲಲ್ಲೇ ನಮ್ಮವರಿದ್ದಾರೆ ಎಂದಿದ್ದರು. ಬೆಳಿಗ್ಗೆ ರೈಲು. ಮಾವ ಊರು ತಲುಪುವವರೆಗೂ ಆ ವಿಷಯ ಎತ್ತಲಿಲ್ಲ.

ಹೋಗುವವರು ನೀವೇ ಹೋಗಿ. ಎಲಿಫೆಂಟಾಕ್ಕೆ ಏಜೆಂಟರ ಅಗತ್ಯವೇ ಇಲ್ಲ. ಗೇಟ್‌ವೇ ಹತ್ತಿರದ ಕೌಂಟರಿನಲ್ಲಿ ಹೋಗಿಬರುವ ದೋಣಿಯ ಟಿಕೆಟ್ ಸಿಗುತ್ತದೆ, ಬೆಳಿಗ್ಗೆಯೇ ಹೊರಡಿ. ಗುಹೆಗೆ ಪುರಾತತ್ವ ಇಲಾಖೆಯ ಟಿಕೆಟ್ ನಮ್ಮಂಥವರಿಗೆ 40 ರೂಪಾಯಿ, ಹದಿನೈದರೊಳಗಿನ ಮಕ್ಕಳಿಗೆ ಏನೂ ಇಲ್ಲ. ಅವನು ನನ್ನ ಮಕ್ಕಳಿಗೂ ಗುಹೆಯ ಟಿಕೆಟ್ ಸೇರಿಸಿಯೇ ಪೂರ್ತಿ ಹಣ ಕಿತ್ತುಕೊಂಡಿದ್ದ! ಧಕ್ಕೆಯಿಂದ ಗುಡ್ಡದ ಬುಡದವರೆಗೆ ಪುಟಾಣಿ ರೈಲಿದೆ, ಆಮೇಲೆ ನೂರಕ್ಕೂ ಹೆಚ್ಚು ಮೆಟ್ಟಿಲುಗಳು. ಮಂಡಿ ನೋವಿನವರು ನಿಧಾನವಾಗಿ ಹತ್ತಲಿ. ಹೋಗಿ ಬರುವುದಕ್ಕೇ ಎರಡು ಗಂಟೆ ದೋಣಿಯಲ್ಲಿ ಕಳೆಯುತ್ತದೆ. ಆದ್ದರಿಂದ ಒಂದೇ ದಿನದಲ್ಲಿ ಎಲಿಫೆಂಟಾ, ಇಡೀ ಮುಂಬೈ, ಜುಹು ಎಲ್ಲವನ್ನೂ ತೋರಿಸುತ್ತೇವೆ ಎನ್ನುವವರು ಯಾವ ವಾರವೇ ಆಗಲಿ ಸುಳ್ಳು ಹೇಳುತ್ತಿದ್ದಾರೆ. ಮಳೆಗಾಲದಲ್ಲಿ ಕಡಲು ಜೋರಾಗಿದ್ದರೆ ದೋಣಿ ನಿಲ್ಲಿಸುತ್ತಾರೆ, ಅದನ್ನೂ ವಿಚಾರಿಸಿ. ಬೋರಿವಲಿಯ ರಾಷ್ಟ್ರೀಯ ಉದ್ಯಾನ ಮತ್ತು ಅದರೊಳಗಿನ ಕಾನ್ಹೇರಿ ಗುಹೆಗಳಿಗೂ ಸೋಮವಾರವೇ ರಜೆ. ಎಲಿಫೆಂಟಾ ಬದಲು ಅಲ್ಲಿಗೆ ಕರೆದೊಯ್ಯುತ್ತೇವೆ ಎಂದರೂ ನಂಬಬೇಡಿ.

ರಸೀದಿಯನ್ನು ಯಾರ ಕೈಗೂ ಕೊಡಬೇಡಿ. ಕೊಡಲೇಬೇಕಾದರೆ ಮೊದಲು ಫೋಟೊ ತೆಗೆದುಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಪಟ್ಟಿಯನ್ನೂ ಕೂಡಲೇ ಸ್ಕ್ರೀನ್‌ಶಾಟ್ ಮಾಡಿಟ್ಟುಕೊಳ್ಳಿ. ಸ್ಕ್ಯಾನರ್ ಕೆಟ್ಟಿದೆ ಎಂದರೆ ಎದ್ದು ಬನ್ನಿ.

ಊರಿಗೆ ಬಂದ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು ಸಮಾಧಾನದಿಂದಲೇ ಕೇಳಿಸಿಕೊಂಡು, ಹಣ ಕೊಟ್ಟ ಪುರಾವೆ ಇದ್ದರೆ ಕಳುಹಿಸಿ ಎಂದರು. ಪುರಾವೆ ಆ ಗೈಡಿನ ಜೇಬಿನಲ್ಲಿದೆ. ಅದೇ ಲಾಡ್ಜಿನಲ್ಲಿ ಉಳಿದು, ಅದೇ ಮೇಜಿನವನಿಂದ ಹೀಗೆಯೇ ಮೋಸ ಹೋದವರು ಯಾರಾದರೂ ಇದ್ದು, ನಿಮ್ಮ ಬಳಿ ರಸೀದಿಯ ಫೋಟೊ ಉಳಿದಿದ್ದರೆ ದಯವಿಟ್ಟು ನೀವೂ 1915ಕ್ಕೆ ದೂರು ಕೊಡಿ.