ಆಯಿಲ್ ಎಳೆಯುವ ಕೈಪಂಪು: ಒಂದೆರಡು ಮಳೆಗಾಲ ಬಳಸಿದ ಮೇಲೆ

ಸರ್ವಿಸ್‌ನವರು ಇಂಜಿನ್ ಆಯಿಲ್ ಜಾಸ್ತಿ ಹಾಕಿ ಕೊಟ್ಟರೆ ಮನೆಯಲ್ಲೇ ತೆಗೆಯಬಹುದಾ? ತೆಗೆಯಬಹುದು, ಈ ಕೈಪಂಪು ಅದಕ್ಕೆ ಧಾರಾಳ ಸಾಕು. ಪೆಟ್ಟಿಗೆ ಮೇಲೆ ಬರೆದಿರುವ ಹಾಗೆ ಪೂರ್ತಿ ಆಯಿಲನ್ನೇ ಇದರಲ್ಲಿ ಬದಲಾಯಿಸುತ್ತೇನೆ ಅಂತ ಹೊರಟರೆ ಮಾತ್ರ ಬೇಜಾರಾಗುತ್ತದೆ. ಐದಕ್ಕೆ ನಾಲ್ಕು ಸ್ಟಾರ್ ನನ್ನ ಕಡೆಯಿಂದ.

ವಸ್ತು ದೊಡ್ಡದೇನಲ್ಲ. ಒಂದು ಪ್ಲಾಸ್ಟಿಕ್ ಡಬ್ಬ, ಮೇಲೆ ಸೈಕಲ್ ಪಂಪಿನ ಥರದ ಹಿಡಿ, ಪಕ್ಕದಲ್ಲಿ ಪೈಪ್ ಸಿಕ್ಕಿಸುವ ಮೂತಿ, ಜೊತೆಗೆ ಬೇರೆ ಬೇರೆ ದಪ್ಪದ ಪೈಪುಗಳು. ಹಿಡಿಯನ್ನು ಮೇಲೆ ಕೆಳಗೆ ಆಡಿಸಿದರೆ ಡಬ್ಬದೊಳಗಿನ ಗಾಳಿ ಹೊರಗೆ ಹೋಗುತ್ತದೆ, ಆಮೇಲೆ ಆಯಿಲ್ ತಾನಾಗಿ ಪೈಪಿನಲ್ಲಿ ಬರುತ್ತದೆ. ಕರೆಂಟ್ ಬೇಡ, ಕಾರಿನ ಅಡಿಗೆ ನುಗ್ಗುವುದು ಬೇಡ. ಆನ್‌ಲೈನ್‌ನಲ್ಲಿ ಇದೇ ಡಬ್ಬ ಹತ್ತಾರು ಹೆಸರಿನಲ್ಲಿ ಸಿಗುತ್ತದೆ, ಹೆಸರಿಗಾಗಿ ಜಾಸ್ತಿ ದುಡ್ಡು ಕೊಡಬೇಡಿ.

ತೆಗೆದುಕೊಳ್ಳಬೇಕಾಗಿ ಬಂದದ್ದು ಯಾಕೆ ಅಂದರೆ, ನನ್ನದು 1.2 ಲೀಟರ್ ಪೆಟ್ರೋಲ್ ಕಾರು, ಫಿಲ್ಟರ್ ಸೇರಿಸಿ 3.1 ಲೀಟರ್ ಆಯಿಲ್ ಸಾಕು ಅಂತ ಅದರ ಪುಸ್ತಕದಲ್ಲೇ ಇದೆ. ಬಿಲ್‌ನಲ್ಲಿ ನೋಡಿದರೆ 3.5 ಲೀಟರ್. ನಮ್ಮಲ್ಲಿ ಆಯಿಲ್ ಡಬ್ಬಗಳು 3.5 ಲೀಟರಿನದ್ದೂ ಬರುತ್ತವಲ್ಲ, ಒಡೆದ ಮೇಲೆ ಪೂರ್ತಿ ಸುರಿದುಬಿಡುವುದು, ಅಷ್ಟೇ. ಅದರ ಮೇಲೆ ಹಳೇ ಆಯಿಲ್ ಪೂರ್ತಿ ಇಳಿಯುವ ತನಕ ಕಾಯುವ ತಾಳ್ಮೆಯೂ ಇಲ್ಲ, ಮುಂದಿನ ಕಾರು ಆಗಲೇ ಬಾಗಿಲಲ್ಲಿ ನಿಂತಿರುತ್ತದೆ. ಅಡ್ವೈಸರ್‌ಗೆ ಫೋನ್ ಮಾಡಿದರೆ "ಎಂತ ಆಗುದಿಲ್ಲ ಸರ್, ಕಮ್ಮಿ ಆಗುದಕ್ಕಿಂತ ಸ್ವಲ್ಪ ಜಾಸ್ತಿ ಇರುದು ಒಳ್ಳೇದಲ್ವಾ" ಅಂದರು. ಮಂಗಳೂರಿನ ಕೂಳೂರು ಸೇತುವೆ ಟ್ರಾಫಿಕ್ಕಿನಲ್ಲಿ ಮತ್ತೆ ಅಷ್ಟು ದೂರ ಹೋಗಿ, ಅದೇ ಮಾತನ್ನು ಎದುರಿಗೆ ನಿಂತು ಕೇಳುವ ಮನಸ್ಸು ನನಗಿರಲಿಲ್ಲ.

ಜಾಸ್ತಿ ಇದ್ದರೆ ಒಳ್ಳೆಯದಲ್ಲ ಮಾರಾಯ್ರೆ. ಮಟ್ಟ ತೀರಾ ಮೇಲೆ ಬಂದರೆ ಇಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ದಂಡ ಆಯಿಲಿಗೆ ಬಡಿದು ನೊರೆ ಎಬ್ಬಿಸುತ್ತದೆ. ಆಮೇಲೆ ಇಂಜಿನ್ನಿನ ಆಯಿಲ್ ಪಂಪು ಎಳೆಯುವುದು ಆಯಿಲ್ ಜೊತೆಗೆ ಗಾಳಿಯನ್ನೂ, ಬೇರಿಂಗ್‌ಗೆ ಸಿಗಬೇಕಾದ ಆಯಿಲ್ ಸರಿಯಾಗಿ ಸಿಗುವುದಿಲ್ಲ. ಇನ್ನೊಂದು ಕಡೆ ಇಂಜಿನ್ನಿನ ಉಸಿರು ಹೋಗುವ ಪೈಪಿನಿಂದ ಆಯಿಲ್ ಗಾಳಿಯ ದಾರಿಗೆ ಸೇರಿ ಪೆಟ್ರೋಲ್ ಜೊತೆ ಉರಿಯುತ್ತದೆ. ಹಿಂದಿನಿಂದ ನೀಲಿ ಹೊಗೆ ಬರುವುದು ಹಾಗೆ, ಅದು ಹೀಗೇ ನಡೆದರೆ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಹಾಳು. ಸೀಲ್‌ಗಳಿಂದ ಜಿನುಗುವುದೂ ಉಂಟು. ಕಿರಿಕಿರಿ ಏನಂದರೆ ಆಯಿಲ್ ಪ್ರೆಶರ್ ಕಮ್ಮಿಯಾದರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಲೈಟು ಬರುತ್ತದೆ, ಆಯಿಲ್ ಜಾಸ್ತಿಯಾದರೆ ನಮ್ಮಂಥವರ ಸಾಧಾರಣ ಕಾರುಗಳಲ್ಲಿ ಯಾವ ಲೈಟೂ ಇಲ್ಲ. ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ, ಎಳೆದು ನೋಡಿದರೆ ಗೊತ್ತಾಗಬೇಕು.

ಹಾಗಂತ ಗಾಬರಿಯೂ ಬೇಡ. ಕಡ್ಡಿಯ ಎರಡು ಗುರುತುಗಳ ನಡುವೆ ಹೆಚ್ಚಿನ ಚಿಕ್ಕ ಕಾರುಗಳಲ್ಲಿ ಒಂದು ಲೀಟರ್ ಆಸುಪಾಸು ಇರುತ್ತದೆ. ಮೇಲಿನ ಗುರುತಿಗಿಂತ ಕೂದಲೆಳೆಯಷ್ಟು ಮೇಲಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಎರಡು ಗುರುತಿನ ನಡುವಿನ ಅಂತರದ ಅರ್ಧದಷ್ಟು ಮೇಲೆ ಹೋಗಿದ್ದರೆ ತೆಗೆಯಲೇಬೇಕು, ಅದರಲ್ಲೂ ಆಗುಂಬೆ, ಶಿರಾಡಿ ಹತ್ತುವ ಯೋಚನೆ ಇದ್ದರೆ. ಒಂದು ಲೀಟರ್‌ನಷ್ಟು ಜಾಸ್ತಿ ಇದೆ ಅಂತಾದರೆ ಸ್ಟಾರ್ಟೇ ಮಾಡಬೇಡಿ, ಹಾಕಿದವರೇ ಬಂದು ತೆಗೆಯಲಿ.

ಮಟ್ಟ ನೋಡುವುದೇ ಮಂಗಳೂರಿನಲ್ಲಿ ಒಂದು ಕೆಲಸ. ಬಿಜೈ, ಕದ್ರಿ, ಬೆಂದೂರ್‌ವೆಲ್ ಎಲ್ಲಾ ಏರು ಇಳಿಜಾರು, ಮನೆ ಅಂಗಳವೂ ಮಳೆನೀರು ಹರಿದು ಹೋಗಲಿ ಅಂತ ಒಂದು ಕಡೆಗೆ ವಾಲಿಸಿಯೇ ಇರುತ್ತದೆ. ಅಲ್ಲಿ ಕಡ್ಡಿ ಎಳೆದರೆ ಸರಿ ಇರುವ ಆಯಿಲೂ ಜಾಸ್ತಿ ಕಾಣಬಹುದು, ಜಾಸ್ತಿ ಇರುವುದು ಸರಿ ಕಾಣಬಹುದು. ನಾನು ಪಣಂಬೂರು ಬೀಚಿನ ಕಡೆ ಹೋದಾಗ ಸಮತಟ್ಟು ಜಾಗ ನೋಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು, ಕಡ್ಡಿ ಒರೆಸಿ ಇನ್ನೊಮ್ಮೆ ಹಾಕಿ ನೋಡುತ್ತೇನೆ. ಇನ್ನೊಂದು ವಿಷಯ, ಹೊಸ ಫಿಲ್ಟರ್ ಹಾಕಿ ಒಮ್ಮೆಯೂ ಸ್ಟಾರ್ಟ್ ಮಾಡದೆ ನೋಡಿದರೆ ಮಟ್ಟ ಜಾಸ್ತಿಯೇ ತೋರಿಸುತ್ತದೆ. ಫಿಲ್ಟರ್ ತುಂಬಿದ ಮೇಲೆ ಇಳಿಯುತ್ತದೆ.

ಈಗ ಪಂಪಿನ ಕೆಲಸ. ಕಡ್ಡಿ ಎಳೆದು, ಅದೇ ತೂತಿನಿಂದ ಪೈಪನ್ನು ಒಳಗೆ ಇಳಿಸುವುದು. ಆಯಿಲ್ ಉಗುರು ಬೆಚ್ಚಗಿರಬೇಕು, ಸುಡಬಾರದು. ತಣ್ಣಗಿದ್ದರೆ ತೆಳ್ಳಗಿನ ಪೈಪಿನಲ್ಲಿ ಬರುವಷ್ಟರಲ್ಲಿ ಸಾಕು ಸಾಕಾಗುತ್ತದೆ, ಸುಡುತ್ತಿದ್ದರೆ ಪೈಪು ಮೆತ್ತಗಾಗಿ ಒಳಗೇ ಮಡಚಿಕೊಳ್ಳುತ್ತದೆ. ಕಡ್ಡಿಯ ಉದ್ದಕ್ಕೆ ಪೈಪನ್ನು ಹಿಡಿದು ನೋಡಿ ಟೇಪ್ ಸುತ್ತಿಟ್ಟರೆ ಎಷ್ಟು ಇಳಿಸಬೇಕು ಅಂತ ಗೊತ್ತಾಗುತ್ತದೆ. ಹಿಡಿ ಹತ್ತು ಹದಿನೈದು ಸಲ ಆಡಿಸಿ ಬಿಟ್ಟರೆ ಜೇನು ಬಣ್ಣದ ಎಳೆ ನಿಧಾನಕ್ಕೆ ಪೈಪಿನಲ್ಲಿ ಏರುವುದು ಕಾಣುತ್ತದೆ. ಮಧ್ಯೆ ಗುಳ್ಳೆ ಬಂದು ಸುರ್ ಅಂತ ಸದ್ದಾದರೆ ಪೈಪಿನ ತುದಿ ಆಯಿಲಿನಿಂದ ಮೇಲಿದೆ ಅಂತ ಅರ್ಥ, ಸ್ವಲ್ಪ ಒಳಗೆ ತಳ್ಳಿ. ಸ್ವಲ್ಪ ಸ್ವಲ್ಪವೇ ತೆಗೆದು ಕಡ್ಡಿ ನೋಡುತ್ತಾ ಹೋಗಬೇಕು, ಅವಸರ ಮಾಡಿದರೆ ಮತ್ತೆ ಟಾಪ್‌ಅಪ್ ಮಾಡುವ ಕೆಲಸ.

ಹೋದ ಒಂದು ಸ್ಟಾರ್ ಇಲ್ಲಿ. ಡಬ್ಬದ ಮೇಲಿನ ಅಳತೆ ಗೆರೆಗಳನ್ನು ನಂಬುವ ಹಾಗಿಲ್ಲ. ಅರ್ಧ ಲೀಟರಿನ ನೀರಿನ ಬಾಟಲಿಗೆ ಸುರಿದು ನೋಡಿದರೆ ಬೇರೆಯೇ ಲೆಕ್ಕ. ಪೈಪ್ ಸೇರುವ ಕಡೆ ಇರುವ ರಬ್ಬರ್ ಬಳೆ ಮೊದಲ ಮಳೆಗಾಲ ಮುಗಿಯುವಾಗ ಬಿರಿದಿತ್ತು, ಗಾಳಿ ಒಳಗೆ ಎಳೆದು ಪಂಪು ಸುಮ್ನೆ ಕೂತಿತು. ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ಅಳತೆಯ ಓ ರಿಂಗ್ ಚಿಲ್ಲರೆ ಕಾಸಿಗೆ ಸಿಕ್ಕಿತು, ಆಮೇಲೆ ತೊಂದರೆ ಇಲ್ಲ. ಪೂರ್ತಿ ಆಯಿಲ್ ಎಳೆಯಲೂ ನೋಡಿದೆ. ನನ್ನ ಕಾರಿನಲ್ಲಿ ಪೈಪು ತಳದ ಮೂಲೆ ಮುಟ್ಟುವುದಿಲ್ಲ, ಅಡಿಯಲ್ಲಿ ಕೂತ ಕೆಸರೂ ಬರುವುದಿಲ್ಲ. ಅದಕ್ಕೆ ಇಂಜಿನ್ ಅಡಿಯ ಡ್ರೈನ್ ಬೋಲ್ಟ್ ಬಿಚ್ಚುವುದೇ ಸರಿ, ಹೊಸ ವಾಷರ್ ಜೊತೆಗೆ.

ಉಡುಪಿಯ ಭಾವ ತಮ್ಮ ಡೀಸೆಲ್ ಕಾರಿಗೆ ಇದನ್ನು ಕೇಳಿ ತೆಗೆದುಕೊಂಡು ಹೋಗಿದ್ದರು. ಅವರ ಕಥೆ ಬೇರೆ. ಬಿಎಸ್6 ಹೊಗೆ ನಿಯಮದ ಡೀಸೆಲ್ ಕಾರು, ದಿನಾ ಉಡುಪಿ ಮಣಿಪಾಲ ಅಂತ ಚಿಕ್ಕ ಓಡಾಟ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಕೂತ ಮಸಿಯನ್ನು ಸುಟ್ಟು ಶುಚಿ ಮಾಡಿಕೊಳ್ಳಲು ಹೊರಟರೆ, ಅದು ಮುಗಿಯುವ ಮೊದಲೇ ಇವರು ಗಾಡಿ ಆಫ್ ಮಾಡುತ್ತಿದ್ದರು, ಅದಕ್ಕೆಂದು ಜಾಸ್ತಿ ಬಿಟ್ಟ ಡೀಸೆಲ್ ಆಯಿಲಿಗೆ ಸೇರಿ ಮಟ್ಟ ತಾನಾಗಿ ಏರಿತ್ತು. "ಎಳೆದು ಸರಿ ಮಾಡಿದೆ" ಅಂದರು. ಸರಿಯಾಗಲಿಲ್ಲ ಭಾವ, ಉಳಿದದ್ದೂ ಡೀಸೆಲ್ ಬೆರೆತ ತೆಳು ಆಯಿಲೇ ಅಲ್ವಾ? ಮಟ್ಟ ಸರ್ವಿಸ್ ಆದ ದಿನ ಸರಿ ಇದ್ದು ಆಮೇಲೆ ಏರುತ್ತಾ ಬಂದರೆ ಪಂಪು ಹುಡುಕಬೇಡಿ, ಆಯಿಲ್ ಬದಲಾಯಿಸಿ. ಮೂಗಿನ ಹತ್ತಿರ ಕಡ್ಡಿ ಹಿಡಿದರೆ ಡೀಸೆಲ್ ವಾಸನೆಯೇ ಹೇಳುತ್ತದೆ.

ತೆಗೆದ ಆಯಿಲನ್ನು ಚರಂಡಿಗೆ ಬಿಡಬೇಡಿ, ಮಳೆಗಾಲದಲ್ಲಿ ಅದು ಸೀದಾ ಫಲ್ಗುಣಿಗೋ ನೇತ್ರಾವತಿಗೋ ಹೋಗುತ್ತದೆ. ಹಳೇ ಆಯಿಲ್ ತುಂಬಿಸಿಡುವ ಬ್ಯಾರೆಲ್ ಹತ್ತಿರದ ಗ್ಯಾರೇಜಿನಲ್ಲಿ ಇರುತ್ತದೆ, ಕೊಟ್ಟರೆ ತೆಗೆದುಕೊಳ್ಳುತ್ತಾರೆ. ಸರ್ವಿಸ್ ಆದ ಮರುದಿನ ಹೊಸ ಡಬ್ಬಕ್ಕೆ ಎಳೆದ ಆಯಿಲ್ ಮಾತ್ರ ನಾನು ಮುಚ್ಚಿ ಟಾಪ್‌ಅಪ್‌ಗೆ ಇಟ್ಟುಕೊಂಡೆ. ಈಗ ಡಬ್ಬದಲ್ಲಿ ಹಳೇ ಆಯಿಲಿನ ಪಸೆ ಇರುವುದರಿಂದ ಹಾಗೆ ಮಾಡುವುದಿಲ್ಲ.

ಕೊಳ್ಳುವ ಮೊದಲು ನಿಮ್ಮ ಕಾರಿನ ಕಡ್ಡಿ ಹೋಗುವ ತೂತು ನೋಡಿಕೊಳ್ಳಿ. ಕೆಲವದರಲ್ಲಿ ಅದು ತೀರಾ ಕಿರಿದು, ಅಲ್ಲಿ ಸೆಟ್ಟಿನಲ್ಲಿರುವ ಅತಿ ತೆಳ್ಳಗಿನ ಪೈಪು ಮಾತ್ರ ಇಳಿಯುತ್ತದೆ. ಅದಿಲ್ಲದ ಸೆಟ್ಟು ಅಗ್ಗಕ್ಕೆ ಸಿಕ್ಕಿದರೂ ಬೇಡ.